ಏನೂ ಕಾಣಲಿಲ್ಲವೆಂದು ಬರೆದಿಡುವವರು

ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಗೆ ಡಾಲ್ಫಿನ್ ನೋಡಲು ಹೋಗುವವರು ಸಾಮಾನ್ಯವಾಗಿ ಚಾನನ್ರಿ ಪಾಯಿಂಟ್ ಎಂಬ ಭೂಶಿರವನ್ನೇ ಹುಡುಕಿಕೊಂಡು ಹೋಗುತ್ತಾರೆ. ನಾವೂ ಮೊದಲು ಅಲ್ಲಿಗೇ ಹೋದೆವು. ಇನ್ವರ್ನೆಸ್ ಪಟ್ಟಣದಿಂದ ಆಚೆ, ಫೋರ್ಟ್ರೋಸ್ ಮತ್ತು ರೋಸ್‌ಮಾರ್ಕಿ ಎಂಬ ಊರುಗಳ ನಡುವೆ ಕಡಲಿನೊಳಕ್ಕೆ ಚಾಚಿಕೊಂಡಿರುವ ಆ ನೆಲದ ತುದಿಯಲ್ಲಿ 1846ರ ದೀಪಸ್ತಂಭವೊಂದಿದೆ. ಅದಕ್ಕೂ ಎದುರು ದಡದ ಕೋಟೆಗೂ ನಡುವಿನ ನೀರಿನ ದಾರಿ ಬಹಳ ಕಿರಿದಾಗಿರುವುದರಿಂದ, ಉಬ್ಬರ ಏರತೊಡಗಿದಾಗ ನದಿಗಳತ್ತ ಹೊರಟ ಸಾಲ್ಮನ್ ಮೀನುಗಳು ಅಲ್ಲಿ ಒತ್ತೊತ್ತಾಗಿ ಸಾಗುತ್ತವೆ. ಅವುಗಳ ಬೇಟೆಗೆಂದು ಡಾಲ್ಫಿನ್‌ಗಳು ದಡದಿಂದ ಕಲ್ಲೆಸೆಯುವಷ್ಟು ದೂರದವರೆಗೂ ಬಂದುಬಿಡುತ್ತವೆ. ತಣ್ಣೀರಿನಲ್ಲಿ ಬಾಳುವ ಇವು ತಮ್ಮ ಬಳಗದಲ್ಲಿಯೇ ಅತಿ ದೊಡ್ಡವು, ನಾಲ್ಕು ಮೀಟರಿನವರೆಗೆ ಬೆಳೆಯುತ್ತವೆ. ನಮ್ಮ ಕಾರವಾರದ ಕಡಲಿನಲ್ಲಿ ದೋಣಿಯಿಂದ ನೋಡಿದ ಡಾಲ್ಫಿನ್‌ಗಳ ನೆನಪಿನಲ್ಲಿ ನಿಂತಿದ್ದ ನನಗೆ ಆ ಮೈಗಳ ಗಾತ್ರ ಕಂಡು ಮಾತೇ ಹೊರಡಲಿಲ್ಲ.

ಹೋಗುವವರು ಆ ದಿನದ ಇಳಿತದ ಹೊತ್ತನ್ನು ತಿಳಿದುಕೊಂಡು, ಅದಾದ ಒಂದು ಗಂಟೆಯ ನಂತರ ಅಲ್ಲಿ ನಿಲ್ಲುವಂತೆ ಹೊರಡಬೇಕು. ಉಳಿದ ಹೊತ್ತಿನಲ್ಲಿ ಚಳಿಗಾಳಿಯನ್ನು ಮಾತ್ರ ಅನುಭವಿಸಿ ಮರಳಬೇಕಾದೀತು. ಕ್ಯಾಮೆರಾ ಹಿಡಿದವರ ಸಾಲು ನೀರಿನಂಚಿನುದ್ದಕ್ಕೂ ನಿಂತಿತ್ತು. ಪ್ರತಿ ಜಿಗಿತಕ್ಕೂ ಕೇಕೆ ಹಾಕುವ ಆ ಗುಂಪು ನನಗೆ ಹಿಡಿಸಲಿಲ್ಲ. ಆದರೆ ಆ ಗುಂಪಿನಲ್ಲಿಯೇ ಒಬ್ಬರು ಮಗುವೊಂದಕ್ಕೆ, ಬೆನ್ನಿನ ರೆಕ್ಕೆಯ ಕಚ್ಚುಗಳನ್ನು ನೋಡಿ ಒಂದೊಂದು ಡಾಲ್ಫಿನ್ನನ್ನೂ ಹೇಗೆ ಗುರುತಿಸುತ್ತಾರೆಂದು ವಿವರಿಸುತ್ತಿದ್ದರು. ಅವರ ಬಾಯಲ್ಲಿ ಕೆಸ್ಲೆಟ್, ಸನ್‌ಡಾನ್ಸ್, ರೇನ್‌ಬೋ ಎಂಬ ಹೆಸರುಗಳು ನೆರೆಮನೆಯವರ ಹೆಸರುಗಳಷ್ಟೇ ಸಲೀಸಾಗಿ ಬರುತ್ತಿದ್ದವು. ವೇಲ್ ಆ್ಯಂಡ್ ಡಾಲ್ಫಿನ್ ಕನ್ಸರ್ವೇಷನ್ ಎಂಬ ಸಂಸ್ಥೆಯ ಕ್ಷೇತ್ರಾಧಿಕಾರಿಯಾಗಿ ಚಾರ್ಲಿ ಫಿಲಿಪ್ಸ್ ಎಂಬವರು ಇದೇ ದಡದಲ್ಲಿ ವರ್ಷಗಟ್ಟಲೆ ನಿಂತು ತೆಗೆದ ಚಿತ್ರಗಳಿಂದ ಆ ಹೆಸರುಗಳು ಊರೂರಿಗೆ ಪರಿಚಿತವಾದವೆಂದು ತಿಳಿಯಿತು. ಆ ಸಂಸ್ಥೆಯದೇ ಒಂದು ಕೇಂದ್ರ ಪೂರ್ವಕ್ಕೆ, ಸ್ಪೇ ನದಿಯ ಅಳಿವೆಯಲ್ಲಿದೆಯೆಂದು ಕೇಳಿ, ಅಲ್ಲಿಗೂ ಹೋಗಲೇಬೇಕೆಂದು ಮಗಳಲ್ಲಿ ಹಟ ಹಿಡಿದೆ.

ನಡುವಿನ ದಿನಗಳ ಕೋಟೆ, ಸರೋವರ, ಅಂಗಡಿಬೀದಿಗಳ ಬಗ್ಗೆ ಬರೆಯಬೇಕೆನ್ನಿಸುತ್ತಿಲ್ಲ.

ಸ್ಪೇ ಬೇ ತಲುಪುವುದು ಸುಲಭವಲ್ಲ. ಅಬರ್ಡೀನಿನಿಂದ ಇನ್ವರ್ನೆಸ್ಸಿಗೆ ಹೋಗುವ ರೈಲಿನಲ್ಲಿ ಎಲ್ಗಿನ್‌ವರೆಗೆ, ಅಲ್ಲಿಂದ ಬಸ್ಸಿನಲ್ಲಿ ಫೊಕಾಬರ್ಸ್ ಎಂಬ ಊರಿನವರೆಗೆ ನಾವು ಸುಖವಾಗಿ ಬಂದೆವು. ಅಲ್ಲಿಂದ ಕಡಲಿಗೆ ಸುಮಾರು ಎಂಟು ಕಿಲೋಮೀಟರು. ಹಿಂದಿನ ದಿನವೇ ಹೇಳಿಟ್ಟಿದ್ದ ಟ್ಯಾಕ್ಸಿ ಬರಲಿಲ್ಲ; ಫೋನು ಮಾಡಿದರೆ, ಭಾನುವಾರ ಬೆಳಿಗ್ಗೆ ತಮ್ಮಲ್ಲಿ ಚಾಲಕರೇ ಇರುವುದಿಲ್ಲವೆಂಬ ಉತ್ತರ ಬಂತು. ಆ ಮಾತನ್ನು ಹಿಂದಿನ ದಿನ ಹಣದ ಲೆಕ್ಕ ಹೇಳುವಾಗಲೇ ಹೇಳಬಹುದಿತ್ತೆಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆದ್ದರಿಂದ ಇತ್ತ ಬರುವವರಿಗೆ ನನ್ನ ಸಲಹೆಯಿಷ್ಟೆ: ಭಾನುವಾರ ಬೇಡ, ಬರುವುದಾದರೆ ಸ್ವಂತ ಇಲ್ಲವೆ ಬಾಡಿಗೆ ಕಾರು ಇರಲಿ, ಅದಿಲ್ಲದಿದ್ದರೆ ಮರಳುವ ವಾಹನವನ್ನೂ ಎಲ್ಗಿನ್ನಿನಲ್ಲಿಯೇ ಗೊತ್ತುಮಾಡಿಕೊಳ್ಳಿ. ನಾವು ಸ್ಪೇಸೈಡ್ ವೇ ಎಂಬ ಕಾಲುದಾರಿ ಹಿಡಿದೆವು. ಅಳಿಯ ನನ್ನ ಚೀಲವನ್ನೂ ತಾನೇ ಹೊತ್ತುಕೊಂಡ. ಗಿಡಮರಗಳ ಮರೆಯಲ್ಲಿ ಸ್ಪೇ ನದಿ ಸದ್ದು ಮಾಡುತ್ತ ನಮ್ಮ ಜೊತೆಗೇ ಇಳಿದು ಬರುತ್ತಿತ್ತು. ಅಷ್ಟು ರಭಸದಿಂದ ಕಡಲು ಸೇರುವ ನದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಳಿವೆಯಲ್ಲಿ ಮರಳಿಲ್ಲ, ಎಲ್ಲವೂ ಉರುಟು ಕಲ್ಲುಗಳು. ನದಿ ಅವನ್ನು ತಂದು ಸುರಿಯುತ್ತದೆ, ಕಡಲು ಮತ್ತೆ ಹಿಂದಕ್ಕೆ ದೂಡುತ್ತದೆ. ಆ ಕಲ್ಲುರಾಶಿಯ ಹಿಂದೆ, ಮೇಲೆ ಹುಲ್ಲು ಬೆಳೆದ ಕಮಾನು ಮಾಳಿಗೆಗಳ ಕಟ್ಟಡವೊಂದಿದೆ. 1830ರಲ್ಲಿ ಕಟ್ಟಿದ ಐಸ್ ಹೌಸ್ ಅದು. ಚಳಿಗಾಲದಲ್ಲಿ ಹೊಂಡಗಳ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಕಡಿದು ತಂದು ಇದರಲ್ಲಿ ತುಂಬಿ, ಬೇಸಿಗೆಯಲ್ಲಿ ಅಳಿವೆಯಲ್ಲಿ ಬಲೆಗೆ ಬಿದ್ದ ಸಾಲ್ಮನ್ನನ್ನು ಅದರೊಡನೆ ಕಟ್ಟಿ ಲಂಡನ್ನಿಗೆ ಕಳುಹಿಸುತ್ತಿದ್ದರು. ಆ ಹಳೆಯ ಮೀನುಗಾರಿಕೆ ಠಾಣೆಯ ಕಟ್ಟಡಗಳಲ್ಲಿ ಈಗ ಸ್ಕಾಟಿಷ್ ಡಾಲ್ಫಿನ್ ಸೆಂಟರ್ ಇದೆ. ಒಳಗೆ ಹೋಗಲು ಹಣ ಕೊಡಬೇಕಾಗಿಲ್ಲ. ಚಹಾ ಚೆನ್ನಾಗಿತ್ತು.

ಈ ಕೇಂದ್ರವನ್ನು ನಡೆಸುವ ಆ ಸಂಸ್ಥೆಯನ್ನು ಮುನ್ನಡೆಸುವವರು ಯಾರು, ಎಂತಹವರು ಎಂದು ತಿಳಿಯುವ ಆಸೆ ನನಗಿತ್ತು. ಗೊತ್ತಾದ ಸಂಗತಿಗಳು ಇವು. ವಾಣಿಜ್ಯ ಉದ್ದೇಶದ ತಿಮಿಂಗಿಲ ಬೇಟೆಗೆ 1982ರಲ್ಲಿ ಒಪ್ಪಿದ ಅಂತರರಾಷ್ಟ್ರೀಯ ತಡೆ 1986ರಲ್ಲಿ ಜಾರಿಗೆ ಬಂತು. ಅದರ ಮರುವರ್ಷ, 1987ರಲ್ಲಿ, ಈ ಸಂಸ್ಥೆ ಇಂಗ್ಲೆಂಡಿನಲ್ಲಿ ಹುಟ್ಟಿತು. ಚಿಪ್ಪನಮ್ ಎಂಬ ಒಳನಾಡಿನ ಊರಿನಲ್ಲಿ ಅದರ ಮುಖ್ಯ ಕಚೇರಿಯಿದೆ. ಕ್ರಿಸ್ ಬಟ್ಲರ್-ಸ್ಟ್ರೌಡ್ ಅದನ್ನು ಮುಖ್ಯ ಕಾರ್ಯನಿರ್ವಾಹಕರಾಗಿ ದೀರ್ಘಕಾಲ ಮುನ್ನಡೆಸಿದವರು. ಸಂಶೋಧಕರಾದ ಎರಿಕ್ ಹಾಯ್ಟ್, ಎಳೆಯ ವಯಸ್ಸಿನಲ್ಲಿಯೇ ಕೆನಡಾದ ವ್ಯಾಂಕೂವರ್ ದ್ವೀಪದ ನೀರಿನಲ್ಲಿ ಕೊಲೆಗಾರ ತಿಮಿಂಗಿಲವೆಂದೂ ಕರೆಯುವ ಓರ್ಕಾಗಳ ಜೊತೆ ಬೇಸಿಗೆಗಳನ್ನು ಕಳೆದು, ಮುಂದೆ ಜಗತ್ತಿನ ಕಡಲುಗಳಲ್ಲಿ ಸಸ್ತನಿಗಳಿಗೆ ಮುಖ್ಯವಾದ ತಾಣಗಳನ್ನು ಗುರುತಿಸುವ ಕೆಲಸದ ಮುಂದಾಳುಗಳಲ್ಲಿ ಒಬ್ಬರಾದರು. ಇಂತಹವರ ಭಾವಚಿತ್ರಗಳು ಗೋಡೆಯ ಮೇಲೆ ಸಾಲಾಗಿ ಇರಬಹುದೆಂದು ನಾನು ಭಾವಿಸಿದ್ದೆ. ಗೋಡೆಯ ತುಂಬ ಡಾಲ್ಫಿನ್‌ಗಳಿದ್ದವು.

ಹೊರಗೆ ಕಲ್ಲುದಿಬ್ಬದ ಮೇಲೆ, ಎಪ್ಪತ್ತು ದಾಟಿದಂತಿದ್ದ ಒಬ್ಬ ಮಹಿಳೆ ದುರ್ಬೀನು ಹಿಡಿದು ಕಡಲನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಿಧಾನವಾಗಿ ನೋಡುತ್ತಿದ್ದರು. ಮಾತನಾಡಿಸಲು ಹೋದ ನನ್ನನ್ನು ಕೈಸನ್ನೆಯಿಂದ ತಡೆದರು. ಅವರ ಪಕ್ಕದಲ್ಲಿದ್ದ ಯುವತಿ, ಕೇಂದ್ರದಲ್ಲಿಯೇ ಉಳಿದುಕೊಂಡು ಕೆಲಸ ಮಾಡುವ ಸ್ವಯಂಸೇವಕಿ, ಹತ್ತು ನಿಮಿಷ ಕಾಯಬೇಕೆಂದು ಪಿಸುಗುಟ್ಟಿದಳು. ಕಾದೆವು. ಏನೂ ಕಾಣಲಿಲ್ಲ. ಹಿರಿಯರು ದುರ್ಬೀನು ಇಳಿಸಿ, ಹಾಳೆಯೊಂದರಲ್ಲಿ ಹೊತ್ತು, ಅಲೆಗಳ ಸ್ಥಿತಿ, ಎಷ್ಟು ದೂರ ಕಾಣುತ್ತಿದೆ ಎಂಬುದನ್ನೆಲ್ಲ ಬರೆದು, ಕೊನೆಯ ಅಂಕಣದಲ್ಲಿ ಏನೂ ಇಲ್ಲವೆಂದು ಗುರುತು ಹಾಕಿದರು. ಅನಂತರ ನನ್ನತ್ತ ತಿರುಗಿ ನಕ್ಕು, ಇನ್ನು ಮಾತನಾಡಬಹುದು ಎಂದರು.

ಕಾಣದೇ ಹೋದದ್ದನ್ನು ಬರೆದು ಏನು ಉಪಯೋಗ ಎಂದು ಕೇಳಿದೆ.

“ಕಂಡಾಗ ಮಾತ್ರ ಬರೆದರೆ, ಈ ಹಾಳೆಯಿಂದ ಗೊತ್ತಾಗುವುದು ನಾನು ಯಾವಾಗ ಬಿಡುವಾಗಿದ್ದೆ ಎಂಬುದು ಮಾತ್ರ. ಡಾಲ್ಫಿನ್ ಯಾವಾಗ ಬರುತ್ತದೆಂದು ತಿಳಿಯಬೇಕಾದರೆ ಅದು ಯಾವಾಗ ಬರುವುದಿಲ್ಲವೆಂಬುದೂ ಗೊತ್ತಿರಬೇಕಲ್ಲವೆ?” ಎಂದರು.

ಅವರು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರಂತೆ. ಈ ಹತ್ತು ನಿಮಿಷದ ಕಾವಲಿಗೆ ಶೋರ್‌ವಾಚ್ ಎಂದು ಹೆಸರು. ತರಬೇತಿ ಪಡೆದ ಊರಿನವರು ಸ್ಕಾಟ್ಲೆಂಡಿನ ಕರಾವಳಿಯ ಗೊತ್ತಾದ ಜಾಗಗಳಲ್ಲಿ ನಿಂತು ನೋಡುತ್ತಾರೆ. ದುರ್ಬೀನಿನೊಳಗೆ ದಿಕ್ಸೂಚಿಯೂ ಅಳತೆಗೆರೆಗಳೂ ಇರುವುದರಿಂದ, ಪ್ರಾಣಿ ಯಾವ ದಿಕ್ಕಿನಲ್ಲಿ ಎಷ್ಟು ದೂರದಲ್ಲಿದೆಯೆಂದು ಲೆಕ್ಕ ಹಾಕಬಹುದು. ನನಗೂ ನೋಡಲು ಕೊಟ್ಟರು. ಆ ಗೆರೆಗಳನ್ನು ದಿಗಂತಕ್ಕೆ ಹೊಂದಿಸಿ ಹಿಡಿಯುವಷ್ಟರಲ್ಲಿ ನನ್ನ ತೋಳು ನೋಯತೊಡಗಿತು. ಆ ಗಾಳಿಯಲ್ಲಿ, ಆ ವಯಸ್ಸಿನಲ್ಲಿ, ಅವರು ಅದನ್ನು ಗಂಟೆಗೊಮ್ಮೆ ಮಾಡುತ್ತಿದ್ದರು.

ಈ ಹಾಳೆಗಳೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತವೆಂದು ಮಗಳು ಕೇಳಿದಳು. ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರವೇ ಈ ಬರಹಕ್ಕೆ ಕಾರಣ. 2020ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡ್ ಸರ್ಕಾರ ನಾಲ್ಕು ಹೊಸ ಸಂರಕ್ಷಿತ ಕಡಲ ಪ್ರದೇಶಗಳನ್ನು ಘೋಷಿಸಿತು. ಅವುಗಳಲ್ಲಿ ಸದರ್ನ್ ಟ್ರೆಂಚ್ ಮತ್ತು ಹೆಬ್ರಿಡೀಸ್ ಸಮುದ್ರ ಎಂಬ ಎರಡು ಮಿಂಕೆ ತಿಮಿಂಗಿಲಕ್ಕೆ ನೆಲೆ. ಲೂಯಿಸ್ ದ್ವೀಪದ ಈಶಾನ್ಯದ ಮತ್ತೊಂದು ರಿಸ್ಸೋ ಡಾಲ್ಫಿನ್‌ಗೆ. ಇಂತಹ ಘೋಷಣೆಗೆ ಬೇಕಾದ ಆಧಾರಗಳಲ್ಲಿ ದಡದಿಂದ ನೋಡಿದವರ ದಾಖಲೆಗಳೂ ಸೇರಿದ್ದವು. ಸಂಸ್ಥೆಯ ಮುಂದಾಳುಗಳು ಅಧಿಕಾರಿಗಳ ಮೇಜಿನ ಮುಂದೆ ಕುಳಿತು ವರ್ಷಗಟ್ಟಲೆ ವಾದಿಸಿದಾಗ ಅವರ ಕೈಯಲ್ಲಿದ್ದದ್ದು ಇಂತಹ ಹಾಳೆಗಳು. ಆಕೆ ಪೂರ್ವದತ್ತ ಕೈಚಾಚಿ, “ಸದರ್ನ್ ಟ್ರೆಂಚ್ ಅಲ್ಲಿ, ಬಕಿ ಊರಿನ ಬಳಿಯಿಂದ ಪೀಟರ್‌ಹೆಡ್ ಕಡೆಗೆ ಹಬ್ಬಿದೆ” ಎಂದು ತೋರಿಸಿದರು.

ಹಾಗಾದರೆ ಈ ಸಂಸ್ಥೆಯನ್ನು ನಡೆಸುವವರು ನೀವೇ ಎಂದೆ. ಅವರು ಒಪ್ಪಲಿಲ್ಲ. ತಾವು ನೋಡುವವರು ಮಾತ್ರ; ಏನನ್ನು, ಹೇಗೆ ನೋಡಿದರೆ ಕಾನೂನಿಗೆ ಪ್ರಯೋಜನವಾದೀತೆಂದು ಮೊದಲೇ ಯೋಚಿಸಿ, ಎಲ್ಲ ಊರುಗಳಲ್ಲೂ ಒಂದೇ ರೀತಿಯಲ್ಲಿ ನೋಡುವಂತೆ ಕಲಿಸಿ, ತಮ್ಮಂತಹವರ ಹಾಳೆಯನ್ನು ವಿಜ್ಞಾನಿಯ ಹಾಳೆಯಷ್ಟೇ ಗೌರವದಿಂದ ತೆಗೆದುಕೊಂಡವರು ನಡೆಸುವವರು ಎಂದರು. ಜನರಿಂದ ಹಣ ಕೂಡಿಸುವ ಸಂಸ್ಥೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ; ಜನರ ಹೊತ್ತನ್ನೂ ಕಣ್ಣನ್ನೂ ಇಷ್ಟು ಜತನದಿಂದ ಬಳಸಿಕೊಳ್ಳುವ ಮುಂದಾಳುತನ ಅಪರೂಪವೆಂದು ನನಗೆ ಅನ್ನಿಸಿತು.

ಅಳಿಯ ಅಷ್ಟು ಹೊತ್ತೂ ಸುಮ್ಮನಿದ್ದ. ಅವನು ಅಬರ್ಡೀನಿನಲ್ಲಿ ತೈಲೋದ್ಯಮದ ಎಂಜಿನಿಯರು. ಈ ಕಡಲಿನ ತಳದಿಂದ ಎಣ್ಣೆ ತೆಗೆಯುವವರ ಬಗ್ಗೆ ನಿಮಗೆ ಕೋಪವಿಲ್ಲವೆ ಎಂದು ನೇರವಾಗಿ ಕೇಳಿಯೇಬಿಟ್ಟ. ಆಕೆ ಸ್ವಲ್ಪ ಹೊತ್ತು ಅವನನ್ನೇ ನೋಡಿ, ತಮ್ಮ ಗಂಡ ಉತ್ತರ ಸಮುದ್ರದ ರಿಗ್ಗುಗಳಲ್ಲಿ ದುಡಿದೇ ಮನೆ ಕಟ್ಟಿದರೆಂದರು. 2015ರ ಕೊನೆಯಲ್ಲಿ ಕ್ರೊಮಾರ್ಟಿ ಕೊಲ್ಲಿಯ ಬಾಯಲ್ಲಿ ಹಡಗಿನಿಂದ ಹಡಗಿಗೆ ಕಚ್ಚಾತೈಲ ವರ್ಗಾಯಿಸುವ ಪ್ರಸ್ತಾಪ ಬಂದಾಗ, ಡಾಲ್ಫಿನ್‌ಗಳಿಗೆಂದೇ ಸಂರಕ್ಷಿಸಿದ ನೀರಿನ ಹೊಸ್ತಿಲಲ್ಲಿ ಅದು ಸಲ್ಲದೆಂದು ಊರಿನವರು ಎದ್ದುನಿಂತರು, ಸಂಸ್ಥೆಯೂ ವಿರೋಧಿಸಿತು. ಹಾಗೆ ವಿರೋಧಿಸಿದವರಲ್ಲಿ ತೈಲದ ದುಡಿಮೆಯಿಂದ ಬದುಕಿದವರೂ ಇದ್ದರು ಎಂದರು. ಗಾಳಿಯಂತ್ರಗಳೂ ಶಬ್ದವಿಲ್ಲದೆ ಏಳುವುದಿಲ್ಲವೆಂದು ಅವರೇ ಹೇಳಿದರು: ಹೊರಗಿನ ಕಡಲಿನಲ್ಲಿ ಬಿಯಾಟ್ರಿಸ್ ಎಂಬಲ್ಲಿ ನಿಂತಿರುವ 84 ಗಾಳಿಯಂತ್ರಗಳಿಗೆ ಉಕ್ಕಿನ ಕಂಬಗಳನ್ನು ಕಡಲತಳಕ್ಕೆ ಬಡಿದು ಇಳಿಸುವಾಗ, ಡಾಲ್ಫಿನ್ನಿನ ಸಣ್ಣ ಗಾತ್ರದ ನೆಂಟರಾದ ಪೋರ್ಪಸ್‌ಗಳು ಎಷ್ಟು ದೂರ ಸರಿಯುತ್ತವೆಂಬುದನ್ನು ಅಬರ್ಡೀನ್ ವಿಶ್ವವಿದ್ಯಾಲಯದವರು ಕ್ರೊಮಾರ್ಟಿಯ ದೀಪಸ್ತಂಭದ ಕ್ಷೇತ್ರಕೇಂದ್ರದಿಂದ ಅಭ್ಯಾಸ ಮಾಡಿದ್ದಾರೆ. ಶಬ್ದವನ್ನೇ ಕಣ್ಣಾಗಿಸಿಕೊಂಡ ಪ್ರಾಣಿಗೆ ಅದು ಎಣ್ಣೆಯ ಶಬ್ದವೋ ಗಾಳಿಯ ಶಬ್ದವೋ ಎಂಬುದರಿಂದ ಏನೂ ವ್ಯತ್ಯಾಸವಾಗದು. ಅಳಿಯ ಮುಂದಿನ ಹತ್ತು ನಿಮಿಷದ ಕಾವಲಿಗೆ ತಾನೂ ನಿಲ್ಲಬಹುದೇ ಎಂದು ಕೇಳಿದ, ನಿಂತ, ಎರಡು ಸೀಲುಗಳನ್ನು ಕಂಡುಹಿಡಿದ.

ಇಲ್ಲಿನ ಡಾಲ್ಫಿನ್‌ಗಳು ಹೆಚ್ಚುತ್ತಿವೆಯೆ ಎಂಬ ನನ್ನ ಪ್ರಶ್ನೆಗೆ ಯುವತಿ ಉತ್ತರಿಸಿದಳು. 1990ರ ದಶಕದ ಆರಂಭದ ಅಂದಾಜು 129. ಇಂದು ಪೂರ್ವ ಕರಾವಳಿಯುದ್ದಕ್ಕೂ ಇನ್ನೂರಕ್ಕೂ ಮಿಕ್ಕಿ ಇವೆ, ದಕ್ಷಿಣಕ್ಕೆ ಇಂಗ್ಲೆಂಡಿನ ಗಡಿ ದಾಟಿಯೂ ಹೋಗುತ್ತಿವೆ. ಈ ಡಾಲ್ಫಿನ್‌ಗಳೇ ಪೋರ್ಪಸ್‌ಗಳನ್ನು ಬಡಿದು ಕೊಲ್ಲುವುದೂ ಉಂಟೆಂಬುದನ್ನು ಅವಳು ಮುಚ್ಚಿಡಲಿಲ್ಲ. ಪ್ರಾಣಿಗಳನ್ನು ದೇವತೆಗಳನ್ನಾಗಿ ಮಾಡದೆಯೇ ಪ್ರೀತಿಸುವ ಅವಳ ಮಾತಿನ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು.

ನನ್ನ ಊರು ಯಾವುದೆಂದು ಹಿರಿಯರು ಕೇಳಿದಾಗ, ಭಾರತದ ಪಶ್ಚಿಮ ಕರಾವಳಿಯಲ್ಲಿ ಕಾಳಿ ನದಿ ಸಮುದ್ರ ಸೇರುವ ಕಾರವಾರ ಎಂದೆ. ಯುವತಿ ತನ್ನ ಫೋನಿನಲ್ಲಿ ಜಗತ್ತಿನ ನಕ್ಷೆಯೊಂದನ್ನು ತೆರೆದು ಬೆರಳಿನಿಂದ ಹಿಗ್ಗಿಸಿದಳು. ಎರಿಕ್ ಹಾಯ್ಟ್ ಮುಂದಾಳುಗಳಲ್ಲಿ ಒಬ್ಬರಾಗಿರುವ ಕಾರ್ಯಪಡೆ ಸಿದ್ಧಪಡಿಸಿದ, ಕಡಲ ಸಸ್ತನಿಗಳಿಗೆ ಮುಖ್ಯವಾದ ಪ್ರದೇಶಗಳ ನಕ್ಷೆ ಅದು. 2019ರಲ್ಲಿ ಒಮಾನಿನ ಸಲಾಲಾದಲ್ಲಿ ತಜ್ಞರು ಸೇರಿ ಅರಬ್ಬಿ ಸಮುದ್ರದ ತಾಣಗಳನ್ನು ಚರ್ಚಿಸಿದ್ದರು. ನಕ್ಷೆಯಲ್ಲಿ ನಮ್ಮ ದಡದುದ್ದಕ್ಕೂ ಒಂದು ಪಟ್ಟಿ. ಅದರ ಹೆಸರು ಸಿಂಧುದುರ್ಗ–ಕಾರವಾರ. ಅಳಿವಿನಂಚಿನಲ್ಲಿರುವ ಗೂನುಬೆನ್ನಿನ ಡಾಲ್ಫಿನ್‌ಗಳ ನೆಲೆಯೆಂದು ಗುರುತಿಸಿದ ಜಾಗ. ಕೂರ್ಮಗಡದ ಬಳಿ ಮಕ್ಕಳಿಗೆ ಬೆರಳು ಮಾಡಿ ತೋರಿಸುತ್ತಿದ್ದ ಆ ಬೂದುಬೆನ್ನುಗಳು ಜಗತ್ತಿನ ನಕ್ಷೆಯಲ್ಲಿವೆಯೆಂದು ನನಗೆ ಗೊತ್ತಾದದ್ದು ಸ್ಕಾಟ್ಲೆಂಡಿನ ಕಲ್ಲುದಿಬ್ಬದ ಮೇಲೆ. ಆ ಗುರುತಿಗೆ ಕಾನೂನಿನ ಬಲವಿಲ್ಲ, ನಿರ್ಧಾರ ಮಾಡುವವರಿಗೆ ಅದು ಮಾಹಿತಿ ಮಾತ್ರ ಎಂದು ಯುವತಿ ಎಚ್ಚರಿಸಿದಳು. ನಮ್ಮ 1972ರ ವನ್ಯಜೀವಿ ಕಾಯಿದೆ ಡಾಲ್ಫಿನ್‌ಗಳಿಗೆ ಮೊದಲ ಪಟ್ಟಿಯ ರಕ್ಷಣೆ ಕೊಟ್ಟಿದೆಯೆಂದು ನಾನು ಹೇಳಿದೆ.

“ನಿಮ್ಮಲ್ಲಿ ದಡದಿಂದ ನೋಡಲು ಎತ್ತರದ ಜಾಗವಿದೆಯೆ?” ಎಂದು ಹಿರಿಯರು ಕೇಳಿದರು.

ಕಾಳಿಯ ಅಳಿವೆಯ ಮೇಲೆಯೇ ಸದಾಶಿವಗಡವಿದೆ, ಗುಡ್ಡದ ಮೇಲೆ ಹಳೆಯ ಕೋಟೆ, ದುರ್ಗಾದೇವಿಯ ಗುಡಿ, ಅಲ್ಲಿಂದ ನದಿಯೂ ಕಡಲೂ ಒಟ್ಟಿಗೆ ಕಾಣುತ್ತವೆ ಎಂದೆ. ಅವರು ಒಂದು ಖಾಲಿ ಹಾಳೆಯನ್ನು ತೆಗೆದು ಬೇಕಾದುದನ್ನೆಲ್ಲ ಸಾಲಾಗಿ ಬರೆದುಕೊಟ್ಟರು: ಪ್ರತಿ ಸಲವೂ ಅದೇ ಜಾಗ, ಹತ್ತು ನಿಮಿಷ, ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ, ಅಲೆಗಳ ತಲೆಯಲ್ಲಿ ಬಿಳಿನೊರೆ ಹೆಚ್ಚಾದ ದಿನ ಬೇಡ, ಮಳೆಗಾಲದಲ್ಲಿ ಬಿಟ್ಟುಹೋದ ತಿಂಗಳುಗಳನ್ನೂ ಬಿಟ್ಟುಹೋಗಿವೆಯೆಂದೇ ಬರೆಯಬೇಕು, ಒಬ್ಬರಿಂದಾಗುವ ಕೆಲಸವಲ್ಲ, ಮೊದಲು ಮೂರು ನಾಲ್ಕು ಜನರನ್ನು ಹುಡುಕಬೇಕು. ನಿಮ್ಮ ಮೀನುಗಾರರನ್ನು ಎಲ್ಲರಿಗಿಂತ ಮೊದಲು ಕೇಳಿ ಎಂಬ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದರು.