ಕೆಸರಿನ ಮೇಲೆ ಹತ್ತು ಮಹಡಿ

ಬೀದರಿನಲ್ಲಿ ಬೆಳೆದವರಿಗೆ ನೆಲ ಗಟ್ಟಿ ಅನ್ನುವುದರಲ್ಲಿ ಅನುಮಾನವೇ ಬರುವುದಿಲ್ಲ. ಕೆಳಗೆಲ್ಲ ಜಂಬಿಟ್ಟಿಗೆ. ಅದನ್ನೇ ಕಡಿದು ಕೋಟೆಯ ಕಂದಕ ಮಾಡಿದ್ದಾರೆ, ಅದರೊಳಗೇ ನೌಬಾದಿನ ಕರೇಜ್ ಸುರಂಗ ಕೊರೆದು ನೀರು ಹರಿಸಿದ್ದಾರೆ. ಅದಕ್ಕೇ ಇರಬೇಕು, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿರುವ ವಿಟ್ಟೆ ಹೌಸ್ (ಅಂದರೆ ಬಿಳಿ ಮನೆ) ಬಗ್ಗೆ ಓದುವಾಗ ನನ್ನ ಗಮನ ಅದರ ಎತ್ತರಕ್ಕಿಂತ ಬುಡದ ಕಡೆಗೇ ಹೋಯಿತು.

ಈ ಬಿಳಿ ಕಟ್ಟಡ ಮುಗಿದದ್ದು 1898ರಲ್ಲಿ. 10 ಮಹಡಿ, 43 ಮೀಟರ್. ಯುರೋಪಿನ ಮೊದಲ ಗಗನಚುಂಬಿ ಅಂತ ಇದನ್ನೇ ಕರೆಯುತ್ತಾರೆ. ಅಮೆರಿಕದ ಎತ್ತರದ ಆಫೀಸುಗಳ ಹಾಗೆ ತಮ್ಮೂರಲ್ಲೂ ಒಂದು ಬೇಕು ಅಂತ ಅಣ್ಣತಮ್ಮ ಇಬ್ಬರು ಹಣ ಹಾಕಿದರು, ವಿಲೆಮ್ ಮೋಲೆನ್‌ಬ್ರೂಕ್ ನಕ್ಷೆ ಮಾಡಿದರು.

ಆದರೆ ಅಲ್ಲಿನ ನೆಲ ಬರೀ ಮೆತ್ತನೆ ಜೇಡಿ, ಕೊಳೆತ ಗಿಡಗಂಟಿಯ ಪದರ. ಗಟ್ಟಿ ಮರಳು ಸಿಗಬೇಕಾದರೆ ಆಳಕ್ಕೆ ಇಳಿಯಬೇಕು. ಹಾಗಾಗಿ ಸುಮಾರು 1000 ಕಂಬ ಹೊಡೆದು ಇಳಿಸಿ, ಅವುಗಳ ಮೇಲೆ ಇಡೀ ಭಾರ ಕೂರಿಸಿದರು. ಆ ಕಾಲದ ಡಚ್ಚರು ಇದಕ್ಕೆ ಬಳಸುತ್ತಿದ್ದದ್ದು ಮರ. ಮರ ಕೊಳೆಯಲ್ವಾ ಅಂತ ಕೇಳಬಹುದು. ಅಂತರ್ಜಲದ ಕೆಳಗೇ ಮುಳುಗಿದ್ದರೆ ಗಾಳಿ ಸೋಕುವುದಿಲ್ಲ, ಶಿಲೀಂಧ್ರ ಬೆಳೆಯುವುದಿಲ್ಲ, ನೀರಿನ ಮಟ್ಟ ಇಳಿದಾಗಲೇ ಹೆಚ್ಚು ಅಪಾಯ. ನನಗೆ ಈ ಲೆಕ್ಕಾಚಾರ ಕಟ್ಟಡದ ಎತ್ತರಕ್ಕಿಂತ ದೊಡ್ಡದು ಅನಿಸುತ್ತದೆ.

ಷಿಕಾಗೋದ ಹಾಗೆ ಪೂರ್ತಿ ಉಕ್ಕಿನ ಹಂದರ ಇದಕ್ಕಿಲ್ಲ. ದಪ್ಪ ಗೋಡೆಗಳೇ ಭಾರ ಹೊರುತ್ತವೆ. ಜೊತೆಗೆ ಕಬ್ಬಿಣ, ಉಕ್ಕು, ಕಾಂಕ್ರೀಟನ್ನೂ ಧಾರಾಳವಾಗಿ ಹಾಕಿದ್ದಾರೆ, ಇದರಿಂದ ಬೆಂಕಿಯ ಭಯವೂ ಕಡಿಮೆ. ಹೊರಗೆ ಹೊಳಪು ಲೇಪದ ಬಿಳಿ ಇಟ್ಟಿಗೆ, ಅಲ್ಲಲ್ಲಿ ಶಿಲ್ಪ, ಮೇಲೆ ಕಡಿದಾದ ಮಾಡು, ಮೂಲೆಗಳಲ್ಲಿ ಪುಟ್ಟ ಗೋಪುರ. ಹೊಳಪಿನ ಲೇಪಕ್ಕೆ ಎಷ್ಟು ಆಯಸ್ಸು ಅಂತ ತಿಳಿಯಲು ನಾವು ದೂರ ಹೋಗಬೇಕಿಲ್ಲ. 1472ರ ಮಹಮೂದ್ ಗಾವಾನ್ ಮದರಸಾದ ಬಣ್ಣದ ಹೆಂಚುಗಳು ಉಳಿದ ಕಡೆ ಇನ್ನೂ ಮಿಂಚುತ್ತವೆ.

1940ರ ಮೇ 14ರಂದು ಜರ್ಮನ್ ವಿಮಾನಗಳು ರಾಟರ್‌ಡ್ಯಾಮ್‌ನ ನಡುಭಾಗದ ಮೇಲೆ ಬಾಂಬ್ ಸುರಿದವು. ಬಾಂಬ್ ಮತ್ತು ಅದರ ಹಿಂದೆಯೇ ಎದ್ದ ಬೆಂಕಿಗೆ ಹಳೇ ಊರು ಹೆಚ್ಚುಕಡಿಮೆ ಪೂರ್ತಿ ಹೋಯಿತು. ಅದಕ್ಕೆ ಮೊದಲಿನ ದಿನಗಳಲ್ಲಿ ಹತ್ತಿರದ ವಿಲೆಮ್ಸ್ ಸೇತುವೆಗಾಗಿ ಗುಂಡಿನ ಕಾಳಗವೂ ನಡೆದಿತ್ತು. ಇಷ್ಟೆಲ್ಲ ಆದರೂ ವಿಟ್ಟೆ ಹೌಸ್ ಬೀಳಲಿಲ್ಲ. ಈಗ ಅದು ಸರ್ಕಾರ ರಕ್ಷಿಸುವ ಸ್ಮಾರಕ.

ನಮ್ಮ ಕಡೆಯಿಂದ ಓದೋಕೆ, ಕೆಲಸಕ್ಕೆ ಅಂತ ಅಲ್ಲಿಗೆ ಹೋದವರು ಹಳದಿ ಕ್ಯೂಬ್ ಮನೆಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ದಯವಿಟ್ಟು ಹಳೇ ಬಂದರಿನ ಆ ಕಡೆ ಇರುವ ವಿಟ್ಟೆ ಹೌಸ್‌ವರೆಗೂ ನಾಲ್ಕು ಹೆಜ್ಜೆ ಹೋಗಿ ಬನ್ನಿ.