ಬಟ್ಟೆಯ ಹಿಂಬದಿ

ಮಾರ್ಚ್ ತಿಂಗಳ ವರ್ಷಾಂತ್ಯದ ಲೆಕ್ಕಗಳೆಲ್ಲ ಮುಗಿದು, ಏಪ್ರಿಲ್‌ನ ಮೊದಲ ಭಾನುವಾರ ಬೆಳಿಗ್ಗೆ ಧಾರವಾಡದ ಮಾಳಮಡ್ಡಿಯಲ್ಲಿರುವ ಅಕ್ಕೋರ ಮನೆಗೆ ಹೋದಾಗ ನನ್ನ ಚೀಲದಲ್ಲಿ ಅರ್ಧ ಮುಗಿದ ಗೋಪುರವೊಂದಿತ್ತು. ಬಿಳಿ ಮ್ಯಾಟಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಹಾಕಿದ, ಅಂಗೈ ಅಗಲದ ಕಸೂತಿ ಗೋಪುರ. ಹುಬ್ಬಳ್ಳಿಯ ಬ್ಯಾಂಕಿನಿಂದ ಚಿಗರಿ ಬಸ್ಸಿನಲ್ಲಿ ಮನೆ ಸೇರುವಷ್ಟರಲ್ಲಿ ರಾತ್ರಿ ಒಂಬತ್ತಾಗುತ್ತಿದ್ದ ದಿನಗಳಲ್ಲೂ ಊಟವಾದ ಮೇಲೆ ಅರ್ಧ ತಾಸು ಸೂಜಿ ಹಿಡಿಯದೆ ನಾನು ಮಲಗಿರಲಿಲ್ಲ. ಮೂರು ವಾರಗಳ ಆ ಅರ್ಧರ್ಧ ತಾಸುಗಳೆಲ್ಲ ಸೇರಿ ಆ ಗೋಪುರವಾಗಿತ್ತು.

ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಅಕ್ಕೋರು ಬಟ್ಟೆಯ ಮುಂಬದಿಯನ್ನು ನೋಡಲೇ ಇಲ್ಲ. "ತಿರುವಿ ಕೊಡು ತಂಗಿ" ಎಂದು ಹಿಂಬದಿಯನ್ನು ಮೇಲೆ ಮಾಡಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ಸಾಲನ್ನು ಸವರುತ್ತ ಹೋದರು.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತೆ. ನನ್ನ ಗೋಪುರ ಪೂರ್ತಿ ಗವಂತಿಯದು. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವ ರೂಢಿ ಇಲ್ಲಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಚಿತ್ತಾರ ಮೂಡಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಹೋಗುವಾಗ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಹಾದು ನಡುನಡುವೆ ಖಾಲಿ ಬಿಡುತ್ತದೆ; ಬಂದ ದಾರಿಯಲ್ಲೇ ಹಿಂದಿರುಗುವಾಗ ಆ ಖಾಲಿಗಳನ್ನೆಲ್ಲ ತುಂಬುತ್ತದೆ. ಗೋಪುರದ ಮೆಟ್ಟಿಲುಗಳಂಥ ಕವಲುಗಳು ಬಂದಾಗ ಪ್ರತಿಯೊಂದು ಕವಲಿನ ತುದಿಯವರೆಗೂ ಹೋಗಿ, ಮರಳಿ, ಕೊನೆಗೆ ಹೊರಟ ಜಾಗಕ್ಕೇ ಬಂದು ಸೇರಬೇಕು. ಹೀಗೆ ಸರಿಯಾಗಿ ಹಾಕಿದ ಗವಂತಿಯಲ್ಲಿ ಯಾವುದು ಮುಂಬದಿ, ಯಾವುದು ಹಿಂಬದಿ ಎಂದು ಗುರುತಿಸುವುದು ಕಷ್ಟ. ನನಗೆ ಈ ಕಲೆ ಹಿಡಿಸಿದ್ದೇ ಈ ಕಾರಣಕ್ಕೆ.

ಬ್ಯಾಂಕಿನಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಸಾಲ ವಿಭಾಗದಲ್ಲಿದ್ದೇನೆ. ಆ ಕೆಲಸವನ್ನು ನಾನು ಹಗುರವಾಗಿ ಕಂಡಿಲ್ಲ. ಮನೆ ನಡೆದಿರುವುದು, ಮಗಳು ಓದುತ್ತಿರುವುದು ಅದರಿಂದಲೇ. ಆದರೆ ಅಲ್ಲಿ ಒಂದು ಕಡತ ನನ್ನ ಮೇಜಿನಿಂದ ಇನ್ನೊಂದು ಮೇಜಿಗೆ ಹೋದರೆ ಅದು ಏನಾಯಿತೆಂಬುದು ಎಷ್ಟೋ ಸಲ ನನಗೆ ತಿಳಿಯುವುದೇ ಇಲ್ಲ. ಶುರುವಾದ ಕಡೆಗೇ ಬಂದು ಮುಗಿಯುವ ಕೆಲಸವೊಂದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ನನ್ನೊಳಗೆ ಇತ್ತೆಂಬುದು, ಮೊದಲ ಗವಂತಿಯ ಸಾಲು ಮರಳಿ ಬಂದು ತಾನು ಬಿಟ್ಟುಹೋಗಿದ್ದ ದಾರದ ತುದಿಯ ಪಕ್ಕದಲ್ಲಿ ನಿಂತ ಆ ರಾತ್ರಿಯೇ ನನಗೆ ಅರಿವಾದದ್ದು.

ಅಕ್ಕೋರ ಉಗುರು ಮೂರನೆಯ ಸಾಲಿನ ಬಲಗಡೆ ನಿಂತಿತು. "ಇಲ್ಲಿ ನಾಕರ ಬದ್ಲಿ ಐದ ಎಳಿ ಹಿಡದೀ ನೋಡು."

ಎಣಿಸಿ ನೋಡಿದೆ, ಅವರ ಮಾತು ನಿಜವಾಗಿತ್ತು. ಆ ಒಂದು ಎಳೆಯಿಂದಾಗಿ ಮೇಲಿನ ಸಾಲುಗಳೆಲ್ಲ ಬಲಕ್ಕೆ ಸರಿದಿದ್ದವು. ಹೀಗೆಯೇ ಮುಂದುವರಿದರೆ ಕಳಸ ನಡುವೆ ಕೂರುವಂತಿರಲಿಲ್ಲ. ಬೇರೆಯವರ ಕಣ್ಣಿಗೆ ಬೀಳುವಷ್ಟು ದೊಡ್ಡ ತಪ್ಪೇನೂ ಅದಲ್ಲ. ಅಕ್ಕೋರು ಬಿಚ್ಚು ಎಂದೂ ಹೇಳಲಿಲ್ಲ, ಇರಲಿ ಬಿಡು ಎಂದೂ ಹೇಳಲಿಲ್ಲ. ಚಹಾ ಮಾಡಲು ಒಳಗೆ ಹೋದರು.

ನಾನು ಬಿಚ್ಚಿದೆ. ಕತ್ತರಿ ಹಾಕಿದರೆ ಬಟ್ಟೆಯ ಎಳೆಯೇ ತುಂಡಾಗುವ ಭಯ, ಆದ್ದರಿಂದ ಸೂಜಿಯ ಮೊಂಡು ತುದಿಯಿಂದ ಒಂದೊಂದೇ ಹೊಲಿಗೆಯನ್ನು ಎತ್ತಿ ಎಳೆಯಬೇಕು. ಎರಡು ತಾಸು ಹಿಡಿಯಿತು. ಬಿಚ್ಚಿದ ದಾರ ಕೂದಲಿನಂತೆ ಸುರುಳಿಸುರುಳಿಯಾಗಿ ಮಡಿಲಲ್ಲಿ ಬಿದ್ದಿತ್ತು, ಬಟ್ಟೆಯ ಮೇಲೆ ಸಣ್ಣ ಸಣ್ಣ ತೂತುಗಳ ಸಾಲು ಉಳಿದಿತ್ತು. ವಾರಗಟ್ಟಲೆ ಮಾಡಿದ್ದು ಹೋಯಿತೆಂಬ ದುಃಖ ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಕಚೇರಿಯಲ್ಲಿ ತಪ್ಪು ತಿದ್ದುವಾಗ ಎದೆಯಲ್ಲಿ ಅವಮಾನವಿರುತ್ತದೆ, ಗಡಿಯಾರದ ಮೇಲೆ ಕಣ್ಣಿರುತ್ತದೆ. ಇಲ್ಲಿ ಅವೆರಡೂ ಇರಲಿಲ್ಲ. ಈ ಗೋಪುರಕ್ಕಾಗಿ ಯಾರೂ ಕಾದಿರಲಿಲ್ಲ, ಇದು ಸರಿಯಾಗಿರಬೇಕೆಂಬುದು ನನ್ನೊಬ್ಬಳದೇ ಆಸೆಯಾಗಿತ್ತು.

ಸಹೋದ್ಯೋಗಿಯೊಬ್ಬರು ಹಿಂದೊಮ್ಮೆ, ಸೀರೆಗಳಿಗೆ ಕಸೂತಿ ಹಾಕಿ ಮಾರಬಾರದೇಕೆ ಎಂದು ಪ್ರೀತಿಯಿಂದಲೇ ಕೇಳಿದ್ದರು. ಹೊಟ್ಟೆಪಾಡಿಗಾಗಿ ದಿನವಿಡೀ ಕಣ್ಣು ಸೋಲಿಸಿಕೊಂಡು ಇಳಕಲ್ ಸೀರೆಗಳಿಗೆ ಕಸೂತಿ ಹಾಕುವ ಹೆಣ್ಣುಮಕ್ಕಳು ಈ ಸೀಮೆಯಲ್ಲಿದ್ದಾರೆ. ಅವರ ದುಡಿಮೆಯ ಪಕ್ಕದಲ್ಲಿ ನನ್ನ ಸಂಜೆಯ ಸೂಜಿಯನ್ನು ಇಡಲು ನನಗೆ ಮನಸ್ಸು ಬಾರದು. ಬೆಲೆ ಕಟ್ಟಿಸಿಕೊಳ್ಳದೆಯೂ ಮಾಡಬಹುದಾದ ಕೆಲಸವೊಂದು ನನಗಿರಲಿ ಎಂಬ ಹಟವೂ ಇದೆ.

ಮೇ ತಿಂಗಳ ಎರಡನೆಯ ಭಾನುವಾರ ಮುಗಿದ ಗೋಪುರವನ್ನು ಒಯ್ದೆ. ಈ ಸಲ ನಾನೇ ಹಿಂಬದಿಯನ್ನು ಮೇಲೆ ಮಾಡಿ ಕೊಟ್ಟೆ. ಅಕ್ಕೋರು ಕನ್ನಡಕ ಏರಿಸಿಕೊಂಡು, ಉಗುರಿನಿಂದ ಬುಡದಿಂದ ಕಳಸದವರೆಗೆ ಸವರಿ, ಮಗುಚಿ ನೋಡಿ, ಮತ್ತೆ ಮಗುಚಿದರು. ದಾರದ ತುದಿ ಎಲ್ಲಿ ಅಡಗಿದೆಯೆಂದು ಹುಡುಕುತ್ತಿದ್ದರು. ಅವರಿಗೆ ಅದು ಸಿಗಲಿಲ್ಲ.

"ಇನ್ನ ತೇರು ಹಾಕು" ಎಂದು ಹೊಸ ಬಟ್ಟೆಯ ತುಂಡೊಂದನ್ನು ನನ್ನ ಮುಂದಿಟ್ಟರು. "ಗಾಲಿಗೆ ಎಷ್ಟು ಎಳಿ ಬೇಕಾಕ್ಕಾವ, ಎಣಿಸಿ ಹೇಳು."

ನಾನು ಕಿಟಕಿಯ ಹತ್ತಿರ ಸರಿದು ಕುಳಿತು ಎಣಿಸತೊಡಗಿದೆ.