ಐದು ಸ್ವರ, ನೂರಿಪ್ಪತ್ತು ಹೆಜ್ಜೆ: ಬಳ್ಳಾರಿ–ರಾಯಚೂರಿನ ಬ್ಯಾಂಡ್ ಯಾತ್ರೆ

ಕವಾಯತಿನ ಬ್ಯಾಂಡ್ ಕೇಳಲೆಂದೇ ಬಳ್ಳಾರಿಗೆ ಹೋಗುವವರು ಅಕ್ಟೋಬರ್ 21ರಂದು ಹೋಗಬೇಕು. ಆಗಸ್ಟ್ 15, ಜನವರಿ 26ರ ಸಡಗರದಲ್ಲಿ ಭಾಷಣ, ಧ್ವನಿವರ್ಧಕ, ಶಾಲಾ ಮಕ್ಕಳ ನೃತ್ಯಗಳ ನಡುವೆ ಬ್ಯಾಂಡಿನ ದನಿ ಅರ್ಧ ಮುಚ್ಚಿಹೋಗುತ್ತದೆ. ಪೊಲೀಸ್ ಹುತಾತ್ಮರ ದಿನಾಚರಣೆಯಲ್ಲಿ ಮಾತು ಕಡಿಮೆ, ಮೌನ ಹೆಚ್ಚು. 1959ರಲ್ಲಿ ಇದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಸಿಆರ್‌ಪಿಎಫ್‌ನ ಹತ್ತು ಜನ ಬಲಿಯಾದರು. ಅವರ ನೆನಪಿನಲ್ಲಿ, ಹಿಂದಿನ ಒಂದು ವರ್ಷದಲ್ಲಿ ಕರ್ತವ್ಯದ ಮೇಲೆ ಮಡಿದ ಪೊಲೀಸರ ಹೆಸರುಗಳನ್ನೂ ಓದಿ, ಜಿಲ್ಲಾ ಕೇಂದ್ರಗಳಲ್ಲಿ ಹೂಗುಚ್ಛ ಇಡುತ್ತಾರೆ. ಒಬ್ಬನೇ ಬ್ಯೂಗಲ್ ಊದುವುದನ್ನು ಅಡೆತಡೆಯಿಲ್ಲದೆ ಕೇಳಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಗುಂತಕಲ್ ಮೇಲೆ ಹಾದು ಬೆಳಗಾಗುವ ಹೊತ್ತಿಗೆ ಬಳ್ಳಾರಿ ಮುಟ್ಟುತ್ತದೆ. ಸ್ಟೇಷನ್ನಿನಿಂದ ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್ ಪಡೆಯ (ಡಿಎಆರ್) ಮೈದಾನಕ್ಕೆ ಆಟೊ ಸಾಕು. ಕಾರ್ಯಕ್ರಮ ಶುರುವಾಗುವ ಅರ್ಧ ಗಂಟೆ ಮೊದಲೇ ಹೋಗಿ ಕೂರಬೇಕು, ಮೊಬೈಲು ಬಂದ್ ಮಾಡಿರಬೇಕು. ಕುರ್ಚಿ ಆರಿಸುವಾಗ ಒಂದು ಲೆಕ್ಕವಿದೆ. ಶೀಘ್ರ ನಡೆಯಲ್ಲಿ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಇಂಚು. ಎಂದರೆ ಒಂದು ಹೆಜ್ಜೆಗೆ ಅರ್ಧ ಸೆಕೆಂಡು. ಅರ್ಧ ಸೆಕೆಂಡಿನಲ್ಲಿ ಶಬ್ದ ಹೋಗುವುದು ಸುಮಾರು 170 ಮೀಟರ್. ಮೈದಾನದ ಆಚೆ ತುದಿಯಲ್ಲಿ, ಅಷ್ಟು ದೂರದಲ್ಲಿ ಕೂತರೆ ಎಡಗಾಲಿನ ಪೆಟ್ಟು ಕಿವಿಗೆ ಬೀಳುವಾಗ ಕಣ್ಣಿಗೆ ಬಲಗಾಲು ಕಾಣುತ್ತದೆ. ತುಕಡಿಯೇ ತಪ್ಪಿ ನಡೆಯುತ್ತಿದೆ ಎಂದು ಅನ್ನಿಸಿಬಿಡುತ್ತದೆ. ಮೂವತ್ತು ನಲವತ್ತು ಮೀಟರಿನೊಳಗೆ ಕೂತರೆ ಈ ತೊಂದರೆ ಇಲ್ಲ. ಉದ್ದನೆಯ ತುಕಡಿಯಲ್ಲಿ ಹಿಂದಿನ ಸಾಲಿನವರ ಹೆಜ್ಜೆ ತೂಗಾಡುವುದಕ್ಕೂ ಇದೇ ಕಾರಣ. ಅವರು ಕಿವಿಯನ್ನು ನಂಬಿದರೆ ತಡವಾಗುತ್ತಾರೆ, ಮುಂದಿನವನ ಹಿಮ್ಮಡಿಯನ್ನು ನಂಬಿದರೆ ಸರಿಹೋಗುತ್ತಾರೆ.

ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರಿಸುತ್ತಾರೆ. ಬಂದೂಕಿನ ನಳಿಗೆ ನೆಲಮುಖವಾಗುತ್ತದೆ. ಆಮೇಲೆ ‘ಲಾಸ್ಟ್ ಪೋಸ್ಟ್’. ದಂಡಿನ ಠಾಣೆಯಲ್ಲಿ ರಾತ್ರಿಯ ಕೊನೆಯ ಕಾವಲು ಪರಿಶೀಲನೆ ಮುಗಿಯಿತೆಂದು ಸಾರುತ್ತಿದ್ದ ಕರೆ ಇದು. ಸತ್ತವರ ಗೌರವಕ್ಕೆ ಬಂದದ್ದು ಆಮೇಲೆ. ಎರಡು ನಿಮಿಷದ ಮೌನ ಕಳೆದ ಮೇಲೆ ಎಬ್ಬಿಸುವ ಕರೆ ‘ರೌಸ್’. ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಬ್ಯೂಗಲ್ ಹತ್ತಿರದಿಂದ ನೋಡಿದರೆ ಇಷ್ಟೇ: ತಾಮ್ರದ ನಳಿಗೆ, ಹಿತ್ತಾಳೆಯ ಅಂಚುಪಟ್ಟಿ, ಒಂದು ಮೌತ್‌ಪೀಸ್. ಬಿಚ್ಚಿ ಎಳೆದರೆ ನಾಲ್ಕೂವರೆ ಅಡಿ ಉದ್ದವಾಗುವ ಕೊಳವೆಯನ್ನು ಎರಡು ಸುತ್ತು ಸುತ್ತಿದ್ದಾರೆ. ಒತ್ತುವ ಕೀಲಿಯಿಲ್ಲ, ಮುಚ್ಚುವ ತೂತಿಲ್ಲ. ಕರೆಗಳಿಗೆ ಸಿಗುವುದು ಐದೇ ಸ್ವರ: ಮಧ್ಯ ಷಡ್ಜ, ಪಂಚಮ, ತಾರ ಷಡ್ಜ, ತಾರ ಗಾಂಧಾರ, ತಾರ ಪಂಚಮ. ರಿಷಭ, ಮಧ್ಯಮ, ಧೈವತ ಈ ಐದರಲ್ಲಿ ಇಲ್ಲವೇ ಇಲ್ಲ. ಇನ್ನೂ ಮೇಲಕ್ಕೆ ಹೋದರೆ ನಿಷಾದವೊಂದು ಸಿಗುತ್ತದೆ, ಆದರೆ ಅದು ತುಸು ಇಳಿದೇ ನುಡಿಯುವುದರಿಂದ ಕರೆಗಳು ಅದನ್ನು ಮುಟ್ಟುವುದಿಲ್ಲ. ಎಲ್ಲ ಸ್ವರಗಳೂ ಒಂದೇ ಷಡ್ಜದ ಮಕ್ಕಳಾದ್ದರಿಂದ ಒಂದಕ್ಕೊಂದು ಕಾದಾಡುವುದಿಲ್ಲ. ಬಯಲಿನಲ್ಲಿ, ಗಾಳಿಯಲ್ಲಿ, ಅರ್ಧ ಮೈಲಿ ದೂರದಲ್ಲಿ ಕೇಳಿದರೂ ಕರೆ ಯಾವುದೆಂದು ಗುರುತು ಸಿಗುತ್ತದೆ. ಈ ಸಂಗೀತ ಇಂದಿಗೂ ಎದೆಗೆ ತಾಕುವುದು ಇಲ್ಲೇ ಎಂದು ನಮ್ಮ ಅನಿಸಿಕೆ. ಅಲಂಕಾರಕ್ಕೆ ಜಾಗವಿಲ್ಲ, ತಪ್ಪನ್ನು ಅಡಗಿಸಲು ಮರೆಯೂ ಇಲ್ಲ.

ತಪ್ಪು ಆಗುವುದು ಮೇಲಿನ ಪಂಚಮದಲ್ಲಿ. ತುಟಿ ಸುಸ್ತಾದಾಗ ಊದುವವನು ಮೌತ್‌ಪೀಸನ್ನು ಹಲ್ಲಿಗೆ ಅದುಮುತ್ತಾನೆ, ತುಟಿಯಲ್ಲಿ ರಕ್ತ ಓಡುವುದು ನಿಲ್ಲುತ್ತದೆ, ಸ್ವರ ಒಡೆದು ಕೆಳಗಿನ ಗಾಂಧಾರಕ್ಕೆ ಜಾರುತ್ತದೆ. ಬಳ್ಳಾರಿಯ ಒಣ ಗಾಳಿ ಇದಕ್ಕೆ ಇನ್ನಷ್ಟು ಕಾಟ ಕೊಡುತ್ತದೆ. ಮೈದಾನದ ಬದಿಯಲ್ಲಿ ಬ್ಯಾಂಡ್ ಮೇಸ್ತ್ರಿಯೊಬ್ಬರು ಹುಡುಗನಿಗೆ ಹೇಳುತ್ತಿದ್ದ ಮಾತು: “ತುಟಿ ನೆಕ್ಕಬ್ಯಾಡ ತಮ್ಮಾ, ಒಂದು ಗುಟುಕು ನೀರು ಕುಡಿ. ಒತ್ತಿ ಹಿಡೀಬ್ಯಾಡ, ಗಾಳಿ ಹೊಟ್ಟಿಯಿಂದ ಬರ್ಲಿ.” ಹುಡುಗ “ಹೂಂ ಸರ್” ಎಂದು ಬ್ಯೂಗಲ್ ಎತ್ತಿ, ದನಿ ಬಾರದ ಹಾಗೆ ಬರಿಯ ಉಸಿರನ್ನು ನಾಲ್ಕಾರು ಸಲ ಒಳಗೆ ಬಿಟ್ಟ. ಅದು ಶಾಸ್ತ್ರಕ್ಕೆ ಮಾಡುವುದಲ್ಲ. ಲೋಹದೊಳಗಿನ ಗಾಳಿ ಹತ್ತು ಡಿಗ್ರಿ ತಣ್ಣಗಿದ್ದರೆ ಶ್ರುತಿ ಒಂದು ಸ್ವರಸ್ಥಾನದ ಮೂರನೇ ಒಂದು ಪಾಲಿನಷ್ಟು ಇಳಿಯುತ್ತದೆ. ಒಬ್ಬನೇ ಊದುವಾಗ ಗೊತ್ತಾಗದು. ಇಬ್ಬರು ಸೇರಿದರೆ ದನಿ ಅಲೆಅಲೆಯಾಗಿ ಅದುರುತ್ತದೆ. ಊದುತ್ತ ಊದುತ್ತ ಒಳಗೆ ಉಸಿರಿನ ನೀರು ಕೂಡಿ ಗೊರಗೊರ ಎನ್ನತೊಡಗಿದರೆ, ಟ್ರಂಪೆಟ್ಟಿಗಿರುವ ಹಾಗೆ ನೀರು ಬಿಡುವ ಕೀಲಿ ಬ್ಯೂಗಲ್‌ಗೆ ಇಲ್ಲ. ಮೌತ್‌ಪೀಸ್ ಕಿತ್ತು, ವಾದ್ಯವನ್ನು ತಿರುಗಿಸುತ್ತ ಸುರಿಯಬೇಕು.

ಮೈದಾನದಿಂದ ಹೊರಬಂದು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಕೌಲ್ ಬಜಾರಿನ ಕಡೆ ನಡೆಯಬಹುದು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ದೊಡ್ಡ ದಂಡುಪ್ರದೇಶವಾಯಿತು. ದಂಡಿಗೆ ಬೇಕಾದದ್ದನ್ನು ಒದಗಿಸುವ ಪೇಟೆಯಾಗಿ ಕೌಲ್ ಬಜಾರ್ ಬೆಳೆಯಿತು. ದಂಡು ಹೋಯಿತು, ಕಂಟೋನ್ಮೆಂಟ್ ಎಂಬ ಹೆಸರು ರೈಲ್ವೆ ಸ್ಟೇಷನ್ನಿಗೆ ಉಳಿಯಿತು. ಕವಾಯತಿನ ಡ್ರಮ್ಮೂ ಹಿತ್ತಾಳೆ ವಾದ್ಯವೂ ದಂಡಿನ ಹಂಗು ಬಿಟ್ಟು ನಮ್ಮ ಮದುವೆ ಮೆರವಣಿಗೆಗಳಲ್ಲಿ ನೆಲೆ ಕಂಡುಕೊಂಡಿವೆ.

ಈ ವಾದ್ಯಗಳಲ್ಲಿ ಬಹುಪಾಲು ಬರುವುದು ಉತ್ತರ ಪ್ರದೇಶದ ಮೀರತ್‌ನಿಂದ, ಅಲ್ಲಿನ ಜಾಲಿ ಕೋಠಿ ಓಣಿಯಿಂದ. ಹಳೆಯ ಬ್ಯೂಗಲ್ ಕೊಳ್ಳುವವರು ಹೊಳಪಿಗೆ ಮರುಳಾಗಬಾರದು. ಬಾಗಿನಲ್ಲಿ ಬೆರಳಾಡಿಸಿ ನೆಗ್ಗು ನೋಡಬೇಕು. ಗಂಟೆಬಾಯಿಯ ನೆಗ್ಗು ಅಷ್ಟು ಕೆಡಿಸದು, ಬಾಗಿನ ನೆಗ್ಗು ಒಂದೆರಡು ಸ್ವರವನ್ನೇ ಕೆಡಿಸುತ್ತದೆ. ಸಿಕ್ಕಿಕೊಂಡ ಮೌತ್‌ಪೀಸನ್ನು ಇಕ್ಕಳ ಹಾಕಿ ತಿರುಚಿದರೆ ಬೆಸುಗೆ ಬಿಡುತ್ತದೆ. ಅದಕ್ಕೆಂದೇ ನೇರ ಎಳೆಯುವ ಸಲಕರಣೆ ಇದೆ, ಅದಿರುವ ರಿಪೇರಿಯವರ ಕೈಗೆ ಕೊಡಬೇಕು. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ಸೋಪಿನ ನೀರು, ಬಳುಕುವ ಬ್ರಷ್ಷು, ಆಮೇಲೆ ನೆರಳಲ್ಲಿ ಒಣಗಿಸುವುದು. ಇಷ್ಟು ಮಾಡಿದರೆ ವಾದ್ಯ ತಲೆಮಾರು ಬಾಳುತ್ತದೆ.

ಸೈಡ್ ಡ್ರಮ್ ಸಾಮಾನ್ಯವಾಗಿ 14 ಇಂಚು ಅಗಲ, 12 ಇಂಚು ಆಳ. ಕೆಳಗಿನ ಹೊದಿಕೆಗೆ ತಾಗಿದ ತಂತಿಗಳೇ ಆ ಚರಚರ ದನಿಯ ಮೂಲ. ಹತ್ತಿರದಲ್ಲಿ ಬ್ಯೂಗಲ್ ಊದಿದರೆ ಮುಟ್ಟದಿದ್ದರೂ ತಂತಿ ಗುಯ್‌ಗುಟ್ಟುತ್ತದೆ. ಅದಕ್ಕೇ ಲಾಸ್ಟ್ ಪೋಸ್ಟ್‌ಗೆ ಮುಂಚೆ ಜಾಣ ಡ್ರಮ್ಮರ್ ಪಕ್ಕದ ಸನ್ನೆಕೋಲು ಇಳಿಸಿ ತಂತಿಯನ್ನು ಸಡಿಲಿಸಿರುತ್ತಾನೆ. ಶವಯಾತ್ರೆಗೆ ಹೀಗೆ ತಂತಿ ಬಿಚ್ಚಿ ಮೇಲೆ ಕರಿಬಟ್ಟೆ ಹೊದಿಸುತ್ತಾರೆ. ಹೊದಿಕೆ ಬಿಗಿಯುವಾಗ ಬೋಲ್ಟುಗಳನ್ನು ಎದುರುಬದುರಾಗಿ, ಅರ್ಧರ್ಧ ಸುತ್ತು ತಿರುಗಿಸಬೇಕು. ಒಂದೇ ಕಡೆಯಿಂದ ಸಾಲಾಗಿ ಬಿಗಿದರೆ ಬಳೆ ಓರೆಯಾಗಿ ಒಂದು ಬದಿ ‘ಟಣ್’, ಇನ್ನೊಂದು ಬದಿ ‘ದಪ್’ ಎನ್ನುತ್ತದೆ. ಬಾಸ್ ಡ್ರಮ್ಮಿನವನು ಬ್ಯಾಂಡಿನ ನಡುವೆ ನಡೆಯುವುದು ಎಲ್ಲ ಕಡೆಗೂ ಪೆಟ್ಟು ಒಂದೇ ಹೊತ್ತಿಗೆ ಮುಟ್ಟಲೆಂದು. ಪಲ್ಲವಿ ಮುಗಿಸಲು ಸನ್ನೆ ಬಂದಾಗ ಅವನೇ ಎರಡು ಜೋಡಿಪೆಟ್ಟು ಹಾಕುತ್ತಾನೆ. ಅದನ್ನು ಕೇಳದವನು ಒಬ್ಬನೇ ಊದುತ್ತ ಉಳಿಯುತ್ತಾನೆ.

ಕೀಲಿ ಕೂಡಿಸಿದ ಬ್ಯೂಗಲ್ಲುಗಳಲ್ಲಿ ಪೂರ್ಣ ಸಂಗೀತ ನುಡಿಸುವ ಪಡೆಗಳು ಬೆಳೆದದ್ದು ಅಮೆರಿಕದಲ್ಲಿ. ಮೊದಲ ಮಹಾಯುದ್ಧದ ನಂತರ ಅಲ್ಲಿನ ಮಾಜಿ ಸೈನಿಕರ ಸಂಘಗಳು ಡ್ರಮ್ ಮತ್ತು ಬ್ಯೂಗಲ್ ಪಡೆಗಳನ್ನು ಕಟ್ಟಿದವು, ಮರೀನ್ ಪಡೆಯದು 1934ರಲ್ಲಿ ಹುಟ್ಟಿತು. ನಮ್ಮಲ್ಲಿ ಸೇನಾ ಸಂಗೀತದ ಶಾಲೆ ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ. 1950ರಲ್ಲಿ ಅದಕ್ಕೆ ಒತ್ತಾಸೆಯಾದವರು ಕೊಡಗಿನ ಕಾರ್ಯಪ್ಪನವರು.

ಸಂಜೆ ಬಳ್ಳಾರಿ ಗುಡ್ಡ ಹತ್ತಬೇಕು. ಇಡೀ ಗುಡ್ಡವೇ ಬಂಡೆ. ಕೋಟೆಯ ತಪ್ಪಲಲ್ಲಿ ಶಾಲೆಗಳಿವೆ. ಮಕ್ಕಳು ಡ್ರಮ್ ಅಭ್ಯಾಸ ಮಾಡುವಾಗ 85 ಮೀಟರ್ ಆಚೆಯ ಬಂಡೆಗೆ ಬಡಿದ ಪೆಟ್ಟು ಅರ್ಧ ಸೆಕೆಂಡಿಗೆ ಮರಳುತ್ತದೆ, ಎಂದರೆ ಸರಿಯಾಗಿ ಮುಂದಿನ ಹೆಜ್ಜೆಯ ಮೇಲೆ. ಬಂಡೆ ಐವತ್ತೋ ಅರವತ್ತೋ ಮೀಟರಿನಲ್ಲಿದ್ದರೆ ಮರುದನಿ ಹೆಜ್ಜೆಗಳ ನಡುವೆ ಬಿದ್ದು ಮಕ್ಕಳನ್ನು ಓಡಿಸುತ್ತದೆ. ಮೇಷ್ಟ್ರು ಮೂವತ್ತೈದು ನಲವತ್ತೈದು ಹೆಜ್ಜೆ ಹಿಂದೆ ಸರಿಸಿ ನಿಲ್ಲಿಸಿದರೆ ಸಾಕು, ಗುಡ್ಡವೇ ತಾಳ ಹಿಡಿಯುತ್ತದೆ.

ಮರುದಿನ ಸಿರುಗುಪ್ಪ ದಾಟಿ, ತುಂಗಭದ್ರೆಯ ಸೇತುವೆ ಹಾಯ್ದು, ಸಿಂಧನೂರು, ಮಾನ್ವಿ ಮಾರ್ಗವಾಗಿ ರಾಯಚೂರು. ದಾರಿಯುದ್ದ ಭತ್ತದ ಗದ್ದೆ. ರಾಯಚೂರಿನ ಕೋಟೆಗೆ 1294ರ ಶಾಸನವಿದೆ. 1520ರಲ್ಲಿ ಕೃಷ್ಣದೇವರಾಯ ಈ ಕೋಟೆಗಾಗಿ ಕಾದಿದ. ಆ ದಂಡಿನ ನಗಾರಿ, ಕಹಳೆಗಳ ಅಬ್ಬರವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿಟ್ಟಿದ್ದಾನೆ. ಕಹಳೆಗೂ ತೂತಿಲ್ಲ, ಅದೂ ತುಟಿಯ ಬಿಗಿತದಿಂದಲೇ ನುಡಿಯುವಂಥದು. ಬ್ಯೂಗಲ್ ಈ ನೆಲಕ್ಕೆ ಬಂದಾಗ ಹೊಸ ಕಿವಿ ಬೆಳೆಸಿಕೊಳ್ಳಬೇಕಾಗಿ ಬರಲಿಲ್ಲ.

ಅಕ್ಟೋಬರಿನಲ್ಲಿ ಆಗದವರಿಗೆ ಸೆಪ್ಟೆಂಬರ್ 17 ಇದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನವೆಂದು ರಾಯಚೂರು, ಕೊಪ್ಪಳ ಎರಡೂ ಕಡೆ ಧ್ವಜಾರೋಹಣ, ಕವಾಯತು ನಡೆಯುತ್ತವೆ. ಹಬ್ಬದ ದಿನಕ್ಕಿಂತ ಅದರ ಹಿಂದಿನ ಎರಡು ಮೂರು ಬೆಳಿಗ್ಗೆಗಳ ತಾಲೀಮು ಕೇಳುವುದೇ ಮೇಲು. ಅದೇ ಚರಣವನ್ನು ಹತ್ತು ಸಲ ನಿಲ್ಲಿಸಿ ನಿಲ್ಲಿಸಿ ನುಡಿಸುತ್ತಾರೆ, ಯಾವ ಡ್ರಮ್ ಎಲ್ಲಿ ತಡವಾಯಿತೆಂಬುದು ಹೊಸಬರ ಕಿವಿಗೂ ತಿಳಿಯುತ್ತದೆ. ಮೈದಾನದ ಗೇಟಿನಲ್ಲಿ ಕಾವಲಿನವರಿಗೆ ಬಂದ ಕೆಲಸ ಹೇಳಿ ಅಪ್ಪಣೆ ಕೇಳಬೇಕು, ಫೋಟೊ ತೆಗೆಯಬೇಕಿದ್ದರೆ ಅದಕ್ಕೆ ಬೇರೆಯೇ ಕೇಳಬೇಕು. ಬಿಸಿಲೇರುವ ಮುನ್ನ ತಾಲೀಮು ಮುಗಿದುಬಿಡುವುದರಿಂದ ಆರೂವರೆಗೆಲ್ಲ ಅಲ್ಲಿರುವುದು ಲೇಸು.